ಒಂದೇ ರಸ್ತೆ, ನಾಲ್ಕು ಬಗೆಯ ಪ್ರಯಾಣಿಕರು: ಪ್ರಾದೇಶಿಕ ಸಾರಿಗೆ ಯೋಜನೆಯ ಕುರಿತು ಓದುಗರ ಪ್ರಶ್ನೆಗಳು

ವಾಹನ ಚಾಲಕರು, ಸೈಕಲ್ ಸವಾರರು, ಪಾದಚಾರಿಗಳು ಮತ್ತು ಬಸ್ಸು-ರೈಲುಗಳನ್ನು ನಂಬಿಕೊಂಡವರು, ಈ ಎಲ್ಲರ ಅಗತ್ಯಗಳನ್ನೂ ಗಮನದಲ್ಲಿಟ್ಟು ಒಂದು ಪ್ರದೇಶದ ಸಾರಿಗೆ ವ್ಯವಸ್ಥೆಯನ್ನು ರೂಪಿಸುವುದು ಹೇಗೆ ಎಂಬ ವಿಷಯದ ಮೇಲೆ ಓದುಗರು ಕಳುಹಿಸಿದ ಪ್ರಶ್ನೆಗಳಲ್ಲಿ ಆಯ್ದವುಗಳಿಗೆ ಈ ಸಂಚಿಕೆಯಲ್ಲಿ ಉತ್ತರಿಸಲಾಗಿದೆ. ಒಂದೇ ವಿಷಯವನ್ನು ಕೇಳಿದ ಪತ್ರಗಳನ್ನು ಒಟ್ಟಿಗೆ ಸೇರಿಸಿಕೊಳ್ಳಲಾಗಿದೆ.

ಪ್ರಶ್ನೆ: ಪಟ್ಟಣದ ರಸ್ತೆಗಳನ್ನು ಪಟ್ಟಣದ ಆಡಳಿತವೇ ನೋಡಿಕೊಳ್ಳುತ್ತದೆ. ಹೀಗಿರುವಾಗ ಇಡೀ ಪ್ರದೇಶಕ್ಕೆಂದು ಬೇರೆಯೇ ಒಂದು ಸಾರಿಗೆ ಯೋಜನೆ ಏಕೆ ಬೇಕು? ಅದರಿಂದ ಇನ್ನೊಂದು ಕಚೇರಿ, ಇನ್ನಷ್ಟು ಕಡತಗಳು ಹುಟ್ಟಿಕೊಳ್ಳುವುದಿಲ್ಲವೇ?

ಉತ್ತರ: ಜನರ ಓಡಾಟ ಆಡಳಿತದ ಗಡಿಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಒಂದು ಊರಿನಲ್ಲಿ ಮನೆ, ಇನ್ನೊಂದರಲ್ಲಿ ಕೆಲಸ, ಮೂರನೆಯದರಲ್ಲಿ ಆಸ್ಪತ್ರೆ ಅಥವಾ ಕಾಲೇಜು ಇರುವವರಿಗೆ ಈ ಮೂರೂ ಊರುಗಳು ಸೇರಿ ದಿನನಿತ್ಯದ ಒಂದೇ ಪ್ರಪಂಚ. ಆದರೆ ಪ್ರತಿ ಆಡಳಿತವೂ ತನ್ನ ಗಡಿಯ ತನಕ ಮಾತ್ರ ಯೋಚಿಸಿದರೆ ಸೈಕಲ್ ಪಥ ಗಡಿಕಲ್ಲಿನ ಬಳಿ ಮುಗಿಯುತ್ತದೆ, ಬಸ್ಸು ಗಡಿಯಿಂದಲೇ ಹಿಂದಿರುಗುತ್ತದೆ, ನಾಲ್ಕು ಲೇನಿನ ರಸ್ತೆ ಏಕಾಏಕಿ ಎರಡು ಲೇನಿಗೆ ಇಳಿಯುತ್ತದೆ. ಪ್ರದೇಶದ ಮಟ್ಟದ ಯೋಜನೆಯ ಮೊದಲ ಕೆಲಸವೆಂದರೆ ಇಂತಹ ಕಡಿತಗಳನ್ನು ಗುರುತಿಸಿ ಜೋಡಿಸುವುದು.

ಇದು ಹೊಸ ವಿಚಾರವೇನಲ್ಲ. 1947ರಲ್ಲಿ ಡೆನ್ಮಾರ್ಕಿನ ಕೋಪನ್‌ಹೇಗನ್ನಿಗಾಗಿ ಸಿದ್ಧವಾದ ‘ಬೆರಳುಗಳ ಯೋಜನೆ’ ನಗರದ ಬೆಳವಣಿಗೆಯನ್ನು ಕೈಬೆರಳುಗಳಂತೆ ಚಾಚಿದ ಐದು ಉಪನಗರ ರೈಲು ಮಾರ್ಗಗಳ ಉದ್ದಕ್ಕೆ ಕೇಂದ್ರೀಕರಿಸಿ, ನಡುವಿನ ಜಾಗವನ್ನು ಹಸಿರಾಗಿ ಉಳಿಸಲು ಸೂಚಿಸಿತು. ರೈಲು ಮತ್ತು ಮನೆಗಳನ್ನು ಒಟ್ಟಿಗೆ ಯೋಜಿಸಿದ ಈ ನಿರ್ಧಾರದ ಗುರುತು ಇಂದಿಗೂ ಆ ನಗರದ ನಕ್ಷೆಯಲ್ಲಿ ಕಾಣುತ್ತದೆ. ಅಮೆರಿಕದಲ್ಲಿ 1962ರ ಹೆದ್ದಾರಿ ಕಾಯ್ದೆಯು 50,000ಕ್ಕಿಂತ ಹೆಚ್ಚು ಜನಸಂಖ್ಯೆಯಿರುವ ನಗರ ಪ್ರದೇಶಗಳಲ್ಲಿ ರಸ್ತೆಗೆ ಕೇಂದ್ರದ ಹಣ ಪಡೆಯಬೇಕಾದರೆ ರಾಜ್ಯ ಮತ್ತು ಸ್ಥಳೀಯ ಆಡಳಿತಗಳು ಸಹಕಾರದಿಂದ, ನಿರಂತರವಾಗಿ, ಸಮಗ್ರವಾಗಿ ಯೋಜನೆ ಮಾಡಬೇಕೆಂದು ಷರತ್ತು ಹಾಕಿತು. ಅಲ್ಲಿನ ಪ್ರಾದೇಶಿಕ ಯೋಜನಾ ಸಂಸ್ಥೆಗಳು ಇಂದಿಗೂ ಎರಡು ಮುಖ್ಯ ದಾಖಲೆಗಳನ್ನು ಸಿದ್ಧಪಡಿಸುತ್ತವೆ. ಒಂದು, ಕನಿಷ್ಠ 20 ವರ್ಷ ಮುಂದಕ್ಕೆ ನೋಡುವ ದೀರ್ಘಾವಧಿ ಯೋಜನೆ. ಇನ್ನೊಂದು, ಮುಂದಿನ ನಾಲ್ಕು ವರ್ಷಗಳಲ್ಲಿ ಯಾವ ಕಾಮಗಾರಿಗೆ ಎಲ್ಲಿಂದ ಎಷ್ಟು ಹಣ ಬರುತ್ತದೆ ಎಂದು ಹೇಳುವ ಪಟ್ಟಿ. ನನ್ನ ಅಭಿಪ್ರಾಯದಲ್ಲಿ ಈ ಎರಡನೆಯ ದಾಖಲೆಯೇ ಹೆಚ್ಚು ಮುಖ್ಯ. ಹಣದ ಮೂಲ ತೋರಿಸದ ಯೋಜನೆಯಲ್ಲಿ ಎಲ್ಲರಿಗೂ ಎಲ್ಲವನ್ನೂ ಬರೆದುಕೊಡಬಹುದು. ಹಣ ಇಷ್ಟೇ ಎಂದು ಗೊತ್ತಾದಾಗ ಮಾತ್ರ ಯಾವುದು ಮೊದಲು, ಯಾವುದು ಆಮೇಲೆ ಎಂಬ ನಿಜವಾದ ಚರ್ಚೆ ಶುರುವಾಗುತ್ತದೆ.

ಪ್ರಶ್ನೆ: ನಾನು ಕೆಲಸಕ್ಕೆ ಕಾರಿನಲ್ಲೇ ಹೋಗಬೇಕು, ಬೇರೆ ದಾರಿಯಿಲ್ಲ. ರಸ್ತೆ ಅಗಲ ಮಾಡಿದರೆ ದಟ್ಟಣೆ ಕಡಿಮೆಯಾಗುತ್ತದೆ ಎಂಬುದು ಸಾಮಾನ್ಯ ಜ್ಞಾನ. ಯೋಜಕರು ಇದನ್ನು ವಿರೋಧಿಸುವುದೇಕೆ? ಚಾಲಕರು ತೆರಿಗೆ ಕಟ್ಟುವುದಿಲ್ಲವೇ?

ಉತ್ತರ: ನಿಮ್ಮ ಅಸಮಾಧಾನ ನ್ಯಾಯವಾದದ್ದೇ. ಪ್ರತಿದಿನ ರಸ್ತೆಯಲ್ಲಿ ಸಿಕ್ಕಿಬೀಳುವವರಿಗೆ ಪರಿಹಾರ ಬೇಕು. ಆದರೆ ಅಗಲೀಕರಣದಿಂದ ಆ ಪರಿಹಾರ ಸಿಗುತ್ತದೆಯೇ ಎಂಬುದನ್ನು ಅರವತ್ತು ವರ್ಷಗಳಿಗೂ ಹೆಚ್ಚು ಕಾಲದಿಂದ ಪರೀಕ್ಷಿಸುತ್ತ ಬಂದಿದ್ದಾರೆ. ಅಮೆರಿಕದ ಅರ್ಥಶಾಸ್ತ್ರಜ್ಞ ಆಂಥನಿ ಡೌನ್ಸ್ 1962ರಲ್ಲೇ ಇದನ್ನು ವಿವರಿಸಿದರು. ರಸ್ತೆ ಅಗಲವಾದ ಕೂಡಲೇ ಮೂರು ಕಡೆಯಿಂದ ವಾಹನಗಳು ಬಂದು ಸೇರುತ್ತವೆ: ಬೇರೆ ರಸ್ತೆಗಳಲ್ಲಿ ಹೋಗುತ್ತಿದ್ದವರು ಇತ್ತ ತಿರುಗುತ್ತಾರೆ, ದಟ್ಟಣೆಗೆ ಹೆದರಿ ಬೇಗನೆಯೋ ತಡವಾಗಿಯೋ ಹೊರಡುತ್ತಿದ್ದವರು ಮತ್ತೆ ಅದೇ ಹೊತ್ತಿಗೆ ಹೊರಡುತ್ತಾರೆ, ಬಸ್ಸು-ರೈಲುಗಳಲ್ಲಿ ಹೋಗುತ್ತಿದ್ದವರಲ್ಲಿ ಕೆಲವರು ವಾಹನ ತೆಗೆಯುತ್ತಾರೆ. ವರ್ಷಗಳು ಕಳೆದಂತೆ ನಾಲ್ಕನೆಯದೂ ಸೇರಿಕೊಳ್ಳುತ್ತದೆ. ರಸ್ತೆ ಚೆನ್ನಾಗಿದೆಯೆಂದು ಮನೆಗಳು, ಕಚೇರಿಗಳು ಇನ್ನಷ್ಟು ದೂರ ದೂರಕ್ಕೆ ಹರಡುತ್ತವೆ. ಗಿಲ್ಸ್ ಡ್ಯುರಾಂಟನ್ ಮತ್ತು ಮ್ಯಾಥ್ಯೂ ಟರ್ನರ್ ಎಂಬ ಅರ್ಥಶಾಸ್ತ್ರಜ್ಞರು ಅಮೆರಿಕದ ಮಹಾನಗರ ಪ್ರದೇಶಗಳ ಅಂಕಿ ಅಂಶಗಳನ್ನು ಪರಿಶೀಲಿಸಿ 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅಂತರರಾಜ್ಯ ಹೆದ್ದಾರಿಗಳ ಲೇನುಗಳ ಉದ್ದ ಎಷ್ಟು ಪ್ರಮಾಣದಲ್ಲಿ ಹೆಚ್ಚಿತೋ ಹೆಚ್ಚುಕಡಿಮೆ ಅಷ್ಟೇ ಪ್ರಮಾಣದಲ್ಲಿ ವಾಹನಗಳು ಕ್ರಮಿಸಿದ ದೂರವೂ ಹೆಚ್ಚಿತ್ತು ಎಂದು ಕಂಡುಬಂತು.

ಇದರ ಇನ್ನೊಂದು ಮಗ್ಗುಲನ್ನೂ ನೋಡಬೇಕು. ದಕ್ಷಿಣ ಕೊರಿಯಾದ ಸೋಲ್ ನಗರದಲ್ಲಿ ಚೊಂಗ್ಯೆಚೊನ್ ತೊರೆಯ ಮೇಲಿದ್ದ ಎತ್ತರಿಸಿದ ಹೆದ್ದಾರಿಯನ್ನು 2003ರಿಂದ ಕೆಡವಲಾಯಿತು. 2005ರಲ್ಲಿ ತೊರೆ ಮತ್ತೆ ತೆರೆದುಕೊಂಡಿತು. ನಗರ ಸ್ತಬ್ಧವಾಗುತ್ತದೆ ಎಂಬ ಭಯ ನಿಜವಾಗಲಿಲ್ಲ. ಅದಕ್ಕೆ ಒಂದು ಕಾರಣವಿದೆ: 2004ರಲ್ಲೇ ಅಲ್ಲಿನ ಬಸ್ಸುಗಳ ಮಾರ್ಗ, ದರ, ಪ್ರತ್ಯೇಕ ಲೇನು ಎಲ್ಲವನ್ನೂ ಹೊಸದಾಗಿ ಜೋಡಿಸಲಾಗಿತ್ತು. ರಸ್ತೆ ತೆಗೆಯುವುದೊಂದೇ ಸಾಧನೆಯೆಂದು ಯಾರೂ ಓದಿಕೊಳ್ಳಬಾರದು. ಬದಲಿ ವ್ಯವಸ್ಥೆ ಮೊದಲು ಬರಬೇಕು.

ಚಾಲಕರಿಗೆ ನಿಜವಾಗಿ ಉಪಯೋಗವಾಗುವ ಕೆಲಸಗಳು ಹಲವಿವೆ. ಇಕ್ಕಟ್ಟಾದ ಒಂದು ಸೇತುವೆ, ಸರಿಯಾಗಿ ವಿನ್ಯಾಸಗೊಳ್ಳದ ಒಂದು ಕೂಡುರಸ್ತೆ, ಎರಡು ರಸ್ತೆಗಳ ನಡುವೆ ಬಿಟ್ಟುಹೋದ ಒಂದು ಕೊಂಡಿ, ಇಂತಹ ಕಡೆ ಖರ್ಚು ಮಾಡಿದ ಹಣಕ್ಕೆ ಫಲವಿದೆ. ದಟ್ಟಣೆಯ ಹೊತ್ತಿನಲ್ಲಿ ರಸ್ತೆ ಬಳಕೆಗೆ ಶುಲ್ಕ ವಿಧಿಸುವುದು ಜನಪ್ರಿಯವಲ್ಲದಿದ್ದರೂ ಪರಿಣಾಮಕಾರಿ ಎಂಬುದನ್ನು 1975ರಲ್ಲಿ ಸಿಂಗಪುರ, 2003ರಲ್ಲಿ ಲಂಡನ್ ತೋರಿಸಿಕೊಟ್ಟವು. ಸ್ಟಾಕ್‌ಹೋಮ್ 2006ರ ಜನವರಿಯಿಂದ ಜುಲೈವರೆಗೆ ಅದನ್ನು ಪ್ರಯೋಗಕ್ಕೆಂದು ಜಾರಿಗೊಳಿಸಿದಾಗ ಶುಲ್ಕದ ಗಡಿ ದಾಟುವ ವಾಹನಗಳು ಸುಮಾರು ಐದನೇ ಒಂದು ಭಾಗದಷ್ಟು ಕಡಿಮೆಯಾದವು. ಆಮೇಲೆ ನಗರದ ಜನಮತಗಣನೆಯಲ್ಲಿ ಬಹುಮತ ಪರವಾಗಿ ಬಂದು, 2007ರ ಆಗಸ್ಟ್‌ನಿಂದ ಶುಲ್ಕ ಕಾಯಂ ಆಯಿತು. ಶುಲ್ಕ ಆರಂಭವಾಗುವ ಮುನ್ನವೇ ಅಲ್ಲಿ ಹೆಚ್ಚುವರಿ ಬಸ್ಸುಗಳನ್ನು ಓಡಿಸಲಾಗಿತ್ತು ಎಂಬುದನ್ನು ಗಮನಿಸಬೇಕು. ‘ಬೇರೆ ದಾರಿಯಿಲ್ಲ’ ಎಂದು ನೀವು ಬರೆದಿದ್ದೀರಿ. ಆ ಎರಡು ಪದಗಳನ್ನು ಸುಳ್ಳು ಮಾಡುವುದೇ ಒಳ್ಳೆಯ ಯೋಜನೆಯ ಗುರಿ. ಕಾರು ಬಿಡಲು ಸಿದ್ಧರಿರುವವರಿಗೆ ನಂಬಬಹುದಾದ ಬಸ್ಸು ಸಿಕ್ಕಿದರೆ, ಕಾರು ಬಿಡಲಾಗದ ನಿಮ್ಮಂಥವರಿಗೂ ರಸ್ತೆಯಲ್ಲಿ ಜಾಗ ಉಳಿಯುತ್ತದೆ.

ಪ್ರಶ್ನೆ: ನನಗೆ ಎಪ್ಪತ್ತು ದಾಟಿದೆ. ಮನೆಯ ಹತ್ತಿರದ ದೊಡ್ಡ ರಸ್ತೆಯನ್ನು ದಾಟುವಾಗ ಅರ್ಧಕ್ಕೆ ಬರುವಷ್ಟರಲ್ಲೇ ಸಿಗ್ನಲ್ ಬದಲಾಗಿಬಿಡುತ್ತದೆ. ಈ ಸಮಯವನ್ನು ಯಾರು, ಯಾವ ಲೆಕ್ಕದಲ್ಲಿ ನಿಗದಿ ಮಾಡುತ್ತಾರೆ? ಇಂತಹ ಸಣ್ಣ ವಿಷಯಕ್ಕೆ ಪ್ರಾದೇಶಿಕ ಯೋಜನೆಯಲ್ಲಿ ಸ್ಥಾನವಿದೆಯೇ?

ಉತ್ತರ: ಇದು ಸಣ್ಣ ವಿಷಯ ಎಂದು ದಯವಿಟ್ಟು ಭಾವಿಸಬೇಡಿ. ಬಂದ ಪ್ರಶ್ನೆಗಳಲ್ಲೆಲ್ಲ ಅತ್ಯಂತ ಮುಖ್ಯವಾದದ್ದು ಇದೇ ಎಂದು ನನಗೆ ಅನ್ನಿಸಿತು. ಬಸ್ಸಿನಲ್ಲಿ ಹೋಗುವವರು, ರೈಲಿನಲ್ಲಿ ಹೋಗುವವರು, ಕಾರನ್ನು ನಿಲ್ಲಿಸಿ ಇಳಿದವರು, ಎಲ್ಲರೂ ಕೊನೆಗೆ ಪಾದಚಾರಿಗಳೇ. ರಸ್ತೆ ದಾಟಲಾಗದಿದ್ದರೆ ಎದುರು ಬದಿಯ ಬಸ್ ನಿಲ್ದಾಣ ಇದ್ದೂ ಇಲ್ಲದಂತೆ.

ಲೆಕ್ಕ ಹೀಗಿದೆ. ವಿನ್ಯಾಸಕಾರರು ಬಹಳ ಕಾಲ ಬಳಸುತ್ತ ಬಂದದ್ದು ಪಾದಚಾರಿಯ ವೇಗ ಸೆಕೆಂಡಿಗೆ 1.2 ಮೀಟರ್ ಎಂಬ ಅಂದಾಜನ್ನು. ರಸ್ತೆ 24 ಮೀಟರ್ ಅಗಲವಿದ್ದರೆ ದಾಟಲು 20 ಸೆಕೆಂಡು ಸಾಕು ಎಂದು ಅದು ಹೇಳುತ್ತದೆ. ಆದರೆ ಮಂಡಿನೋವಿರುವ ಹಿರಿಯರು, ಕೋಲು ಹಿಡಿದವರು, ಮಗುವಿನ ಕೈ ಹಿಡಿದವರು ಸೆಕೆಂಡಿಗೆ 0.8 ಮೀಟರ್ ನಡೆದರೂ ಅದೇ ದೊಡ್ಡದು. ಅವರಿಗೆ ಅದೇ ರಸ್ತೆಗೆ 30 ಸೆಕೆಂಡು ಬೇಕು. ಉಳಿದ ಹತ್ತು ಸೆಕೆಂಡುಗಳಲ್ಲಿ ಅವರು ಇನ್ನೂ ಎಂಟು ಮೀಟರ್ ದಾಟಬೇಕಾಗಿರುತ್ತದೆ, ಅಂದರೆ ಎರಡು ಲೇನುಗಳಿಗೂ ಹೆಚ್ಚು. ಅಷ್ಟರಲ್ಲಿ ವಾಹನಗಳಿಗೆ ಹಸಿರು ದೀಪ ಬಂದಿರುತ್ತದೆ. ನಿಮಗೆ ಆಗುತ್ತಿರುವುದು ಇದೇ. ತಪ್ಪು ನಿಮ್ಮ ಕಾಲಿನದಲ್ಲ, ಲೆಕ್ಕದ್ದು.

ಪರಿಹಾರಗಳು ಗೊತ್ತಿಲ್ಲದವೇನೂ ಅಲ್ಲ. ಸಿಗ್ನಲ್ ಸಮಯವನ್ನು ನಿಧಾನ ನಡಿಗೆಯವರಿಗೆ ತಕ್ಕಂತೆ ಹೆಚ್ಚಿಸುವುದು ಮೊದಲನೆಯದು, ಅದಕ್ಕೆ ಕಾಮಗಾರಿಯೂ ಬೇಕಿಲ್ಲ. ರಸ್ತೆಯ ನಡುವೆ ಗಾಲಿಕುರ್ಚಿಯೂ ನಿಲ್ಲುವಷ್ಟು ಅಗಲದ ತಂಗುಕಟ್ಟೆ ಇದ್ದರೆ ಒಂದು ದೊಡ್ಡ ದಾಟು ಎರಡು ಸಣ್ಣ ದಾಟುಗಳಾಗುತ್ತದೆ, ಮತ್ತು ಒಮ್ಮೆಗೆ ಒಂದೇ ಕಡೆಯಿಂದ ಬರುವ ವಾಹನಗಳನ್ನು ಗಮನಿಸಿದರೆ ಸಾಕಾಗುತ್ತದೆ. ಕೂಡುರಸ್ತೆಯ ಮೂಲೆಯಲ್ಲಿ ಫುಟ್‌ಪಾತನ್ನು ಸ್ವಲ್ಪ ಮುಂದಕ್ಕೆ ಚಾಚಿದರೆ ದಾಟುವ ದೂರವೂ ಕಡಿಮೆ, ತಿರುಗುವ ವಾಹನದ ವೇಗವೂ ಕಡಿಮೆ. ವಾಹನಗಳಿಗೆ ಹಸಿರು ದೀಪ ಬರುವುದಕ್ಕಿಂತ ಮೂರರಿಂದ ಏಳು ಸೆಕೆಂಡು ಮೊದಲು ಪಾದಚಾರಿಗಳಿಗೆ ಹಸಿರು ಕೊಟ್ಟರೆ, ವಾಹನ ತಿರುಗುವ ಹೊತ್ತಿಗೆ ಅವರು ಚಾಲಕರ ಕಣ್ಣೆದುರಿಗೇ ಇರುತ್ತಾರೆ. ಪಾದಚಾರಿ ಮೇಲ್ಸೇತುವೆಯನ್ನು ಮಾತ್ರ ನಾನು ಪರಿಹಾರವೆಂದು ಒಪ್ಪುವುದಿಲ್ಲ. ನೆಲದ ಮೇಲೆ ವಾಹನಗಳು ನಿಲ್ಲದೆ ಓಡಲಿ ಎಂದು, ನಡೆಯಲು ಕಷ್ಟಪಡುವವರನ್ನೇ ಮೆಟ್ಟಿಲು ಹತ್ತಿಸುವುದು ಸರಿಯಾದ ವ್ಯವಸ್ಥೆಯಲ್ಲ.

ವೇಗದ ವಿಷಯವನ್ನೂ ಇಲ್ಲೇ ಹೇಳಬೇಕು. ಗಂಟೆಗೆ 30 ಕಿ.ಮೀ. ವೇಗದಲ್ಲಿರುವ ಚಾಲಕನ ಎದುರು 14 ಮೀಟರ್ ದೂರದಲ್ಲಿ ಒಂದು ಮಗು ರಸ್ತೆಗೆ ಬಂತೆಂದುಕೊಳ್ಳಿ. ಗಮನಿಸಿ ಬ್ರೇಕ್ ಒತ್ತಲು ಒಂದು ಸೆಕೆಂಡು ಹಿಡಿದರೆ ಅಷ್ಟರಲ್ಲಿ ವಾಹನ ಎಂಟು ಮೀಟರಿಗೆ ತುಸು ಹೆಚ್ಚು ಸಾಗಿರುತ್ತದೆ. ಒಣ ರಸ್ತೆಯಲ್ಲಿ ಇನ್ನು ಐದು ಮೀಟರಿನಲ್ಲಿ ಅದು ನಿಲ್ಲುತ್ತದೆ. ಮಗು ಉಳಿಯುತ್ತದೆ. ಅದೇ ವಾಹನ 50 ಕಿ.ಮೀ. ವೇಗದಲ್ಲಿದ್ದರೆ ಆ ಒಂದು ಸೆಕೆಂಡಿನಲ್ಲೇ ಸುಮಾರು 14 ಮೀಟರ್ ಮುಗಿದಿರುತ್ತದೆ. ಅಂದರೆ ಬ್ರೇಕ್ ಹಿಡಿಯುವ ಮೊದಲೇ, ಪೂರ್ಣ ವೇಗದಲ್ಲಿ ಡಿಕ್ಕಿ. ಸ್ವೀಡನ್ನಿನ ಸಂಸತ್ತು 1997ರಲ್ಲಿ ಒಪ್ಪಿಕೊಂಡ ‘ಶೂನ್ಯ ಸಾವು’ ನೀತಿಯ ಹಿಂದಿರುವ ತರ್ಕ ಇದೇ: ಮನುಷ್ಯ ತಪ್ಪು ಮಾಡುತ್ತಾನೆ, ಅವನ ದೇಹ ಒಂದು ಮಿತಿಗಿಂತ ಹೆಚ್ಚಿನ ಆಘಾತ ತಾಳುವುದಿಲ್ಲ, ಆದ್ದರಿಂದ ತಪ್ಪು ಸಾವಿನಲ್ಲಿ ಮುಗಿಯದಂತೆ ರಸ್ತೆಯನ್ನು ಕಟ್ಟುವುದು ಕಟ್ಟುವವರ ಹೊಣೆ. ವೇಗದ ಮಿತಿಗಳನ್ನು ಇಳಿಸಿ, ನಗರದ ನಡುವಿನ ರಸ್ತೆಬದಿಯ ಪಾರ್ಕಿಂಗ್ ತೆಗೆದು, ನಡೆಯುವವರಿಗೂ ಸೈಕಲ್‌ಗಳಿಗೂ ಜಾಗ ಮಾಡಿಕೊಟ್ಟ ಓಸ್ಲೊ ನಗರದಲ್ಲಿ 2019ರ ಇಡೀ ವರ್ಷ ಒಬ್ಬ ಪಾದಚಾರಿಯಾಗಲಿ, ಸೈಕಲ್ ಸವಾರರಾಗಲಿ ರಸ್ತೆ ಅಪಘಾತದಲ್ಲಿ ಸಾಯಲಿಲ್ಲ.

ಪ್ರಾದೇಶಿಕ ಯೋಜನೆಯಲ್ಲಿ ಇದಕ್ಕೆ ಸ್ಥಾನ ಖಂಡಿತ ಇರಬೇಕು. ಯಾವ ರಸ್ತೆ ದೂರ ಸಾಗುವ ವಾಹನಗಳಿಗೆ, ಯಾವುದು ಜನ ನಡೆದಾಡುವ ಬೀದಿ, ಯಾವ ಬಗೆಯ ರಸ್ತೆಯಲ್ಲಿ ಎಷ್ಟು ವೇಗ, ಎಷ್ಟು ಮೀಟರಿಗೊಂದು ದಾಟುದಾರಿ ಎಂಬ ವರ್ಗೀಕರಣವನ್ನು ಪ್ರದೇಶದ ಮಟ್ಟದಲ್ಲೇ ನಿರ್ಧರಿಸಲಾಗುತ್ತದೆ. ಹೆದ್ದಾರಿಯೊಂದು ಊರಿನ ನಡುವೆ ಹಾದುಹೋಗುವಾಗ ಅದನ್ನು ಹೆದ್ದಾರಿಯೆಂದೇ ವಿನ್ಯಾಸ ಮಾಡಿದ್ದರೆ, ಊರಿನ ಆಡಳಿತ ಒಂದು ಜೀಬ್ರಾ ಪಟ್ಟಿ ಬಳಿದ ಮಾತ್ರಕ್ಕೆ ಅದು ಸುರಕ್ಷಿತವಾಗುವುದಿಲ್ಲ.

ಪ್ರಶ್ನೆ: ರಸ್ತೆಯ ಅಂಚಿಗೆ ಒಂದು ಗೆರೆ ಎಳೆದು ಸೈಕಲ್ ಚಿತ್ರ ಬರೆದರೆ ಅದು ಸೈಕಲ್ ಪಥವಾಗುತ್ತದೆಯೇ? ಹೀಗೆ ಮಾಡಿದ ಪಥದಲ್ಲಿ ಯಾರೂ ಹೋಗುವುದಿಲ್ಲ. ಆಮೇಲೆ ಸೈಕಲ್‌ಗೆ ಬೇಡಿಕೆಯೇ ಇಲ್ಲ ಎನ್ನುತ್ತಾರೆ.

ಉತ್ತರ: ವಾಹನಗಳು ಕಡಿಮೆಯಿದ್ದು 30 ಕಿ.ಮೀ. ವೇಗದೊಳಗೆ ಓಡುವ ಬೀದಿಯಲ್ಲಿ ಗೆರೆಯೂ ಬೇಕಿಲ್ಲ, ಎಲ್ಲರೂ ಒಟ್ಟಿಗೆ ಸಾಗಬಹುದು. ವೇಗ ಮತ್ತು ವಾಹನ ಸಂಖ್ಯೆ ಹೆಚ್ಚಿದ ಕಡೆ ಗೆರೆ ಏನನ್ನೂ ತಡೆಯುವುದಿಲ್ಲ. ಅಲ್ಲಿ ಏರಿಸಿದ ಅಂಚು, ಕಟ್ಟೆ ಅಥವಾ ಗಿಡಗಳ ಸಾಲಿನಿಂದ ಬೇರ್ಪಟ್ಟ ಪಥವೇ ಬೇಕು, ಮುಖ್ಯವಾಗಿ ಕೂಡುರಸ್ತೆಗಳಲ್ಲಿ. ಬಹಳ ಕಡೆ ಪಥವನ್ನು ನೇರ ರಸ್ತೆಯಲ್ಲಿ ಚೆನ್ನಾಗಿ ಮಾಡಿ, ಅಪಾಯ ಹೆಚ್ಚಿರುವ ಕೂಡುರಸ್ತೆಯಲ್ಲಿ ಕೈಬಿಡುತ್ತಾರೆ. ನಿಲ್ಲಿಸಿದ ಕಾರುಗಳ ಬಾಗಿಲು ತೆರೆದರೆ ತಗಲುವಷ್ಟು ಹತ್ತಿರ ಹಾದುಹೋಗುವ ಪಥವೂ ಪಥವಲ್ಲ.

ಬೇಡಿಕೆಯ ಬಗ್ಗೆ ನೀವು ಹೇಳಿದ್ದು ಸರಿ. ಹೊಳೆಯನ್ನು ಈಜಿ ದಾಟುವವರನ್ನು ಎಣಿಸಿ ಸೇತುವೆ ಬೇಕೋ ಬೇಡವೋ ಎಂದು ಯಾರೂ ತೀರ್ಮಾನಿಸುವುದಿಲ್ಲ. ಸ್ಪೇನಿನ ಸೆವಿಲ್ಯ ನಗರ 2006ರ ನಂತರದ ಕೆಲವೇ ವರ್ಷಗಳಲ್ಲಿ ಸುಮಾರು 120 ಕಿ.ಮೀ. ಉದ್ದದ, ವಾಹನಗಳಿಂದ ಬೇರ್ಪಟ್ಟ ಪಥಗಳನ್ನು ಒಂದಕ್ಕೊಂದು ಕೂಡಿಕೊಂಡ ಜಾಲವಾಗಿ ನಿರ್ಮಿಸಿತು. ಅದುವರೆಗೆ ಸೈಕಲ್ ಬಹುತೇಕ ಕಾಣದಿದ್ದ ಆ ನಗರದಲ್ಲಿ ಸವಾರರ ಸಂಖ್ಯೆ ಹಲವು ಪಟ್ಟು ಏರಿತು. ನೆದರ್‌ಲ್ಯಾಂಡ್ಸ್ ಹುಟ್ಟಿನಿಂದಲೇ ಸೈಕಲ್ ಸವಾರರ ನಾಡು ಎಂಬ ನಂಬಿಕೆಯೂ ಅರ್ಧಸತ್ಯ. 1971ರಲ್ಲಿ ಆ ಪುಟ್ಟ ದೇಶದಲ್ಲಿ 3,000ಕ್ಕೂ ಹೆಚ್ಚು ಜನ ರಸ್ತೆಗಳಲ್ಲಿ ಸತ್ತರು, ಅವರಲ್ಲಿ 400ಕ್ಕೂ ಹೆಚ್ಚು ಮಕ್ಕಳಿದ್ದರು. ‘ಮಕ್ಕಳ ಕೊಲೆ ನಿಲ್ಲಿಸಿ’ ಎಂದು ತಂದೆತಾಯಂದಿರು ಬೀದಿಗಿಳಿದರು, 1973ರಲ್ಲಿ ತೈಲ ಬಿಕ್ಕಟ್ಟು ಬಂತು, ಆಮೇಲೆ ದಶಕಗಳ ಕಾಲ ಹಣ ಹಾಕಿ ಜಾಲವನ್ನು ಬೆಳೆಸಿದರು. ಇಂದು ಅಲ್ಲಿ ಕಾಣುವುದು ಆ ನಿರ್ಧಾರದ ಫಲ.

ಪ್ರಶ್ನೆ: ನಾವು ಬಸ್ಸನ್ನೇ ನಂಬಿದವರು. ನಮ್ಮ ಬಡಾವಣೆಯ ಒಳಗೆ ಬರುತ್ತಿದ್ದ ಬಸ್ಸನ್ನು ನಿಲ್ಲಿಸಿ, ಮುಖ್ಯರಸ್ತೆಯಲ್ಲಿ ಹತ್ತು ನಿಮಿಷಕ್ಕೊಂದು ಬಸ್ಸು ಓಡಿಸುತ್ತೇವೆ, ಅಲ್ಲಿಗೆ ನಡೆದುಬನ್ನಿ ಎನ್ನುತ್ತಿದ್ದಾರೆ. ಇದು ನ್ಯಾಯವೇ?

ಉತ್ತರ: ಇದಕ್ಕೆ ಹೌದು ಅಥವಾ ಇಲ್ಲ ಎಂದು ಒಂದೇ ಮಾತಿನಲ್ಲಿ ಹೇಳಲು ಬರುವುದಿಲ್ಲ, ಏಕೆಂದರೆ ಇಲ್ಲಿ ಎರಡು ಒಳ್ಳೆಯ ಉದ್ದೇಶಗಳ ನಡುವೆಯೇ ತಿಕ್ಕಾಟವಿದೆ. ಹತ್ತು ಬಸ್ಸುಗಳಿವೆ ಎಂದಿಟ್ಟುಕೊಳ್ಳೋಣ. ಅವನ್ನು ಹತ್ತು ಮಾರ್ಗಗಳಿಗೆ ಹಂಚಿದರೆ ಪ್ರತಿ ಮನೆಯ ಬಳಿ ಬಸ್ಸು ಬರುತ್ತದೆ, ಆದರೆ ಗಂಟೆಗೊಂದು ಬರುತ್ತದೆ. ಎರಡು ಮಾರ್ಗಗಳಲ್ಲಿ ಓಡಿಸಿದರೆ ಕೆಲವರು ನಡೆಯಬೇಕಾಗುತ್ತದೆ, ಆದರೆ ನಿಲ್ದಾಣಕ್ಕೆ ಬಂದವರು ವೇಳಾಪಟ್ಟಿ ನೋಡದೆ ಬಸ್ಸು ಹತ್ತಬಹುದು. ವೇಳೆ ನೋಡದೆ ಬರುವ ಪ್ರಯಾಣಿಕರು ಎರಡು ಬಸ್ಸುಗಳ ನಡುವಿನ ಅಂತರದ ಅರ್ಧದಷ್ಟು ಹೊತ್ತು ಸರಾಸರಿ ಕಾಯುತ್ತಾರೆ. ಗಂಟೆಗೊಂದು ಬಸ್ಸಿದ್ದರೆ ಮೂವತ್ತು ನಿಮಿಷ, ಹತ್ತು ನಿಮಿಷಕ್ಕೊಂದಿದ್ದರೆ ಐದು ನಿಮಿಷ. ಬಸ್ಸು ಬದಲಿಸಬೇಕಾದವರಿಗೆ ಈ ವ್ಯತ್ಯಾಸ ಎರಡು ಸಲ ಅನುಭವಕ್ಕೆ ಬರುತ್ತದೆ. ಆದ್ದರಿಂದ ಹೆಚ್ಚು ಜನ ಬಸ್ಸು ಹತ್ತಬೇಕು ಎಂಬುದೇ ಗುರಿಯಾದರೆ ಎರಡನೆಯ ಕ್ರಮ ಸರಿ. ಯಾರೂ ಬಸ್ಸಿಲ್ಲದೆ ಉಳಿಯಬಾರದು ಎಂಬುದು ಗುರಿಯಾದರೆ ಮೊದಲನೆಯದು ಸರಿ.

ಎರಡೂ ಗುರಿಗಳು ಗೌರವಕ್ಕೆ ಅರ್ಹ. ಆದ್ದರಿಂದ ಇರುವ ಹಣದಲ್ಲಿ ಯಾವುದಕ್ಕೆ ಎಷ್ಟು ಪಾಲು ಎಂಬುದನ್ನು ಚುನಾಯಿತ ಪ್ರತಿನಿಧಿಗಳು ಬಹಿರಂಗವಾಗಿ ನಿರ್ಧರಿಸಬೇಕು. ವೇಳಾಪಟ್ಟಿ ಬರೆಯುವವರ ಮೇಜಿನ ಮೇಲೆ ಅದು ಗುಟ್ಟಾಗಿ ತೀರ್ಮಾನವಾಗಬಾರದು. ಅಮೆರಿಕದ ಹ್ಯೂಸ್ಟನ್ ನಗರ ತನ್ನ ಬಸ್ ಜಾಲವನ್ನು 2015ರ ಆಗಸ್ಟ್‌ನಲ್ಲಿ ಒಂದೇ ಸಲಕ್ಕೆ ಬದಲಿಸುವ ಮುನ್ನ ಹೀಗೆಯೇ ಮಾಡಿತು. ನೂರರಲ್ಲಿ ಎಂಬತ್ತು ಪಾಲು ಸಂಪನ್ಮೂಲ ಹೆಚ್ಚು ಜನ ಬಳಸುವ ಮಾರ್ಗಗಳಿಗೆ, ಇಪ್ಪತ್ತು ಪಾಲು ವಿರಳ ಬಡಾವಣೆಗಳಿಗೆ ಎಂದು ಆಡಳಿತ ಮಂಡಳಿ ಮೊದಲು ಒಪ್ಪಿತು. ಆಮೇಲೆಯೇ ಒಟ್ಟು ವೆಚ್ಚವನ್ನು ಹೆಚ್ಚೇನೂ ಏರಿಸದೆ, ವಾರದ ಏಳೂ ದಿನ ಹದಿನೈದು ನಿಮಿಷದೊಳಗೆ ಬಸ್ಸು ಸಿಗುವ ಜಾಲವನ್ನು ಹೆಣೆಯಲಾಯಿತು.

ನಿಮ್ಮ ಬಡಾವಣೆಯ ಮಟ್ಟಿಗೆ ನೀವು ಕೇಳಬೇಕಾದ ಪ್ರಶ್ನೆ ಇನ್ನೊಂದಿದೆ. ‘ನಡೆದುಬನ್ನಿ’ ಎಂದವರು ನಡೆಯುವ ದಾರಿಯನ್ನು ಸರಿಪಡಿಸಿದ್ದಾರೆಯೇ? ಬಸ್ ನಿಲ್ದಾಣಕ್ಕೆ ಜನ ಸುಮಾರು 400 ಮೀಟರ್, ಅಂದರೆ ಐದು ನಿಮಿಷ ನಡೆಯುತ್ತಾರೆ ಎಂದು ಯೋಜಕರು ಅಂದಾಜಿಸುತ್ತಾರೆ. ರೈಲಿಗಾದರೆ 800 ಮೀಟರ್. ನಕ್ಷೆಯ ಮೇಲೆ ವೃತ್ತ ಎಳೆದು ನೋಡಿದಾಗ ನಿಮ್ಮ ಮನೆ ಅದರೊಳಗೆ ಬರಬಹುದು. ಆದರೆ ನಡುವೆ ಕಾಂಪೌಂಡು ಗೋಡೆಯೋ, ರೈಲು ಹಳಿಯೋ, ದಾಟಲಾಗದ ರಸ್ತೆಯೋ ಇದ್ದರೆ ಆ 400 ಮೀಟರ್ ಒಂದು ಕಿಲೋಮೀಟರಾಗುತ್ತದೆ. ಫುಟ್‌ಪಾತ್, ದೀಪ, ನೆರಳು, ದಾಟುದಾರಿ ಇವು ಸಿದ್ಧವಾಗುವ ತನಕ ಒಳಗಿನ ಬಸ್ಸನ್ನು ನಿಲ್ಲಿಸಬಾರದು ಎಂದು ಷರತ್ತು ಹಾಕಲು ನಿಮಗೆ ಎಲ್ಲ ಹಕ್ಕೂ ಇದೆ. ನಡೆಯಲಾಗದವರಿಗೆ ಕರೆದರೆ ಬರುವ ಸಣ್ಣ ವಾಹನದ ಸೇವೆಯನ್ನೂ ಅದರ ಜೊತೆಗೇ ಕೇಳಿ.

ಪ್ರಶ್ನೆ: ಬಸ್ಸು ಇಳಿದು ರೈಲು ಹತ್ತಬೇಕಾದಾಗಲೆಲ್ಲ ರೈಲು ಅದೇ ತಾನೇ ಹೊರಟಿರುತ್ತದೆ. ಟಿಕೆಟ್ಟೂ ಬೇರೆ ಬೇರೆ. ಇದನ್ನು ಸರಿಪಡಿಸಲು ಸಾಧ್ಯವೇ?

ಉತ್ತರ: ಸಾಧ್ಯ, ಮಾಡಿ ತೋರಿಸಿದವರಿದ್ದಾರೆ. ಸ್ವಿಟ್ಜರ್‌ಲ್ಯಾಂಡ್ 1982ರಲ್ಲಿ ಇಡೀ ದೇಶದ ರೈಲುಗಳಿಗೆ ನಿಗದಿತ ಅಂತರದ ವೇಳಾಪಟ್ಟಿ ತಂದಿತು: ಪ್ರತಿ ಗಂಟೆಯೂ ಅದೇ ನಿಮಿಷಕ್ಕೆ ರೈಲು. ಆಮೇಲೆ ‘ರೈಲು 2000’ ಎಂಬ ಯೋಜನೆಯಲ್ಲಿ, ಮುಖ್ಯ ನಿಲ್ದಾಣಗಳಿಗೆ ಎಲ್ಲ ದಿಕ್ಕಿನ ರೈಲುಗಳೂ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಬಂದು, ಜನ ಬದಲಿಸಿಕೊಂಡ ಮೇಲೆ ಒಟ್ಟಿಗೇ ಹೊರಡುವಂತೆ ಮಾಡಿತು. ಇದಕ್ಕಾಗಿ ಎರಡು ಮುಖ್ಯ ನಿಲ್ದಾಣಗಳ ನಡುವಿನ ಪ್ರಯಾಣ ಒಂದು ಗಂಟೆಗಿಂತ ಸ್ವಲ್ಪ ಕಡಿಮೆಯಿರಬೇಕಿತ್ತು. ಜ್ಯೂರಿಕ್ ಮತ್ತು ಬರ್ನ್ ನಡುವೆ ಹೊಸ ಹಳಿ ಹಾಕಿ 2004ರಲ್ಲಿ ಅದನ್ನು ಸಾಧಿಸಿದರು. ಮೊದಲು ವೇಳಾಪಟ್ಟಿ ಬರೆದು, ಅದಕ್ಕೆ ಎಷ್ಟು ಬೇಕೋ ಅಷ್ಟು ಹಳಿ ಕಟ್ಟಿದ ಆ ಕ್ರಮದಿಂದ ಎಲ್ಲ ಕಡೆಯವರೂ ಕಲಿಯುವುದು ಬಹಳವಿದೆ. ಹಳಿಯನ್ನೋ ಮೇಲ್ಸೇತುವೆಯನ್ನೋ ಮೊದಲು ಕಟ್ಟಿ, ಅದರ ಮೇಲೆ ಏನು ಓಡಿಸಬೇಕೆಂದು ಆಮೇಲೆ ಯೋಚಿಸುವ ಪದ್ಧತಿಯೇ ಹೆಚ್ಚಾಗಿ ಕಾಣುತ್ತದೆ.

ಟಿಕೆಟ್ಟಿನ ವಿಷಯದಲ್ಲಿ ಹ್ಯಾಂಬರ್ಗ್ ದಾರಿ ತೋರಿಸಿತು. 1965ರಲ್ಲಿ ಅಲ್ಲಿನ ಸಾರಿಗೆ ಸಂಸ್ಥೆಗಳು ಒಂದು ಒಕ್ಕೂಟ ಮಾಡಿಕೊಂಡು, ಯಾರ ವಾಹನ ಹತ್ತಿದರೂ ಒಂದೇ ಟಿಕೆಟ್ಟು, ಒಂದೇ ವೇಳಾಪಟ್ಟಿ ಎಂಬ ವ್ಯವಸ್ಥೆಯತ್ತ ಹೆಜ್ಜೆ ಇಟ್ಟವು. ಸಂಗ್ರಹವಾದ ಹಣವನ್ನು ಒಪ್ಪಂದದ ಪ್ರಕಾರ ಸಂಸ್ಥೆಗಳು ಒಳಗೊಳಗೇ ಹಂಚಿಕೊಳ್ಳುತ್ತವೆ. ಪ್ರಯಾಣಿಕರಿಗೆ ಆ ಲೆಕ್ಕದ ಗೊಡವೆಯಿಲ್ಲ. ಜ್ಯೂರಿಕ್ ಪ್ರಾಂತ್ಯದಲ್ಲಿ 1990ರಿಂದ ಇಂತಹದೇ ಒಕ್ಕೂಟವಿದೆ. ತಂತ್ರಜ್ಞಾನ ಇಲ್ಲಿ ದೊಡ್ಡ ಅಡ್ಡಿಯಲ್ಲ, ಸಂಸ್ಥೆಗಳು ಆದಾಯ ಹಂಚಿಕೊಳ್ಳಲು ಒಪ್ಪುವುದೇ ಕಷ್ಟದ ಕೆಲಸ. ಅದಕ್ಕಾಗಿಯೇ ಒಪ್ಪಿಸುವ ಅಧಿಕಾರವಿರುವ ಪ್ರಾದೇಶಿಕ ಸಂಸ್ಥೆ ಬೇಕು.

ಸೈಕಲ್ಲನ್ನೂ ಈ ಜೋಡಣೆಯೊಳಗೆ ತರಬೇಕು. ಹತ್ತು ನಿಮಿಷ ನಡೆದರೆ 800 ಮೀಟರ್. ಹತ್ತು ನಿಮಿಷ ಸಾಧಾರಣ ವೇಗದಲ್ಲಿ ಸೈಕಲ್ ತುಳಿದರೆ ಎರಡೂವರೆ ಕಿಲೋಮೀಟರ್. ದೂರ ಮೂರು ಪಟ್ಟು ಹೆಚ್ಚಿದಾಗ ನಿಲ್ದಾಣಕ್ಕೆ ದಕ್ಕುವ ಪ್ರದೇಶ ಸುಮಾರು ಹತ್ತು ಪಟ್ಟು ಹೆಚ್ಚುತ್ತದೆ. ನೆದರ್‌ಲ್ಯಾಂಡ್ಸಿನ ಉಟ್ರೆಕ್ಟ್ ನಗರದ ರೈಲು ನಿಲ್ದಾಣದ ಕೆಳಗೆ 12,500 ಸೈಕಲ್‌ಗಳಿಗೆ ತಂಗುದಾಣ ಕಟ್ಟಿ 2019ರಲ್ಲಿ ಪೂರ್ಣಗೊಳಿಸಿದ್ದು ಈ ಲೆಕ್ಕ ತಿಳಿದೇ. ಹಳ್ಳಿಗಳಿಂದ ಮುಖ್ಯ ಬಸ್ ಮಾರ್ಗಕ್ಕೆ ಬರುವವರಿಗೂ ಇದೇ ಅನ್ವಯಿಸುತ್ತದೆ. ನಿಲ್ದಾಣದಲ್ಲಿ ಮಳೆಗೆ ನೆನೆಯದ, ಬೀಗ ಹಾಕಬಹುದಾದ ಜಾಗವಿದ್ದರೆ ಬಸ್ಸೇ ಬರದ ಹಳ್ಳಿಯೂ ಜಾಲದೊಳಗೆ ಸೇರುತ್ತದೆ.

ಪ್ರಶ್ನೆ: ಪಾರ್ಕಿಂಗ್ ಇಲ್ಲದಿದ್ದರೆ ವ್ಯಾಪಾರ ಹಾಳಾಗುವುದಿಲ್ಲವೇ?

ಉತ್ತರ: ಬೀದಿ ಬದಿಯ ಜಾಗ ಯಾರಿಗೆ, ಎಷ್ಟು ಹೊತ್ತು ಎಂಬುದನ್ನು ನಿರ್ಧರಿಸಬೇಕು, ಪೂರ್ತಿ ಅಳಿಸಬೇಕಿಲ್ಲ. ಸರಕು ಇಳಿಸುವ ವಾಹನಗಳಿಗೆ, ಅಂಗವಿಕಲರ ವಾಹನಗಳಿಗೆ ಜಾಗ ಕಾಯ್ದಿಡಬೇಕು. ದಿನವಿಡೀ ನಿಂತಿರುವ ಒಂದು ಕಾರಿನ ಜಾಗದಲ್ಲಿ ಅಲ್ಪಾವಧಿಗೆ ಹಲವು ಗ್ರಾಹಕರು ಬಂದು ಹೋಗಬಹುದು. ಹೊಸ ಕಟ್ಟಡಗಳಲ್ಲಿ ಇಂತಿಷ್ಟು ಪಾರ್ಕಿಂಗ್ ಇರಲೇಬೇಕೆಂಬ ಕನಿಷ್ಠ ನಿಯಮವನ್ನು ಮೆಕ್ಸಿಕೊ ಸಿಟಿ 2017ರಲ್ಲಿ ತೆಗೆದು, ಇದಕ್ಕಿಂತ ಹೆಚ್ಚಿರಬಾರದೆಂಬ ಗರಿಷ್ಠ ಮಿತಿಯನ್ನು ಹಾಕಿತು. ಪ್ರಾದೇಶಿಕ ಯೋಜನೆಯಲ್ಲಿ ಪಾರ್ಕಿಂಗ್ ನಿಯಮವನ್ನು ಬಸ್ಸಿನ ಅಧ್ಯಾಯದ ಜೊತೆಗೇ ಓದಬೇಕು, ಎರಡೂ ಒಂದನ್ನೊಂದು ಕೆಡಿಸಬಹುದು.

ಪ್ರಶ್ನೆ: ನಮ್ಮ ಕಡೆಯ ಯೋಜನೆಯ ಕರಡು ಪ್ರಕಟವಾಗಿದೆ. 20 ವರ್ಷಗಳ ನಂತರ ಇಷ್ಟು ವಾಹನಗಳು ಬರುತ್ತವೆ, ಆದ್ದರಿಂದ ಇಷ್ಟು ರಸ್ತೆ ಬೇಕು ಎಂದು ಅದರಲ್ಲಿದೆ. ಈ ಅಂಕಿಗಳನ್ನು ನಂಬಬಹುದೇ? ಸಾಮಾನ್ಯ ಓದುಗರು ಆಕ್ಷೇಪಣೆ ಸಲ್ಲಿಸುವುದಾದರೆ ಏನನ್ನು ಬರೆಯಬೇಕು?

ಉತ್ತರ: ಇಂತಹ ಅಂದಾಜುಗಳು ಸಾಮಾನ್ಯವಾಗಿ ನಾಲ್ಕು ಹಂತಗಳ ಮಾದರಿಯಿಂದ ಬರುತ್ತವೆ. ಪ್ರತಿ ವಲಯದಿಂದ ಎಷ್ಟು ಪ್ರಯಾಣಗಳು ಹುಟ್ಟುತ್ತವೆ, ಅವು ಎಲ್ಲಿಗೆ ಹೋಗುತ್ತವೆ, ಯಾವ ವಾಹನದಲ್ಲಿ, ಯಾವ ರಸ್ತೆಯಲ್ಲಿ ಎಂದು ಒಂದರ ನಂತರ ಒಂದು ಲೆಕ್ಕ ಹಾಕುವ ಈ ವಿಧಾನ 1950ರ ದಶಕದಲ್ಲಿ ಡೆಟ್ರಾಯಿಟ್ ಮತ್ತು ಷಿಕಾಗೊ ಪ್ರದೇಶಗಳ ಅಧ್ಯಯನಗಳಲ್ಲಿ ರೂಪುಗೊಂಡಿತು. ಹೆದ್ದಾರಿಯ ಗಾತ್ರ ನಿರ್ಧರಿಸಲೆಂದೇ ಹುಟ್ಟಿದ್ದರಿಂದ ಅದರ ಕಣ್ಣು ದೂರದ ವಾಹನ ಪ್ರಯಾಣದ ಮೇಲೆ. ವಲಯದೊಳಗೇ ಮುಗಿಯುವ ನಡಿಗೆ, ಶಾಲೆಗೆ ಹೋಗುವ ಸೈಕಲ್, ಬಸ್ ನಿಲ್ದಾಣದ ತನಕದ ಕಾಲ್ದಾರಿ ಇವು ಅದರಲ್ಲಿ ಸುಲಭವಾಗಿ ಕಳೆದುಹೋಗುತ್ತವೆ. ರೈಲಿನ ಪರ ಇರುವವರೂ ಎಚ್ಚರದಿಂದಿರಬೇಕು. ಸಂಶೋಧಕ ಬೆಂಟ್ ಫ್ಲೂಬ್ಯಾ ಮತ್ತು ಸಂಗಡಿಗರು ಹಲವು ದೇಶಗಳ 210 ಯೋಜನೆಗಳನ್ನು ಪರಿಶೀಲಿಸಿ 2005ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಹತ್ತರಲ್ಲಿ ಒಂಬತ್ತು ರೈಲು ಯೋಜನೆಗಳಲ್ಲಿ ಪ್ರಯಾಣಿಕರ ಅಂದಾಜು ವಾಸ್ತವಕ್ಕಿಂತ ಹೆಚ್ಚಾಗಿತ್ತು; ರಸ್ತೆ ಯೋಜನೆಗಳಲ್ಲೂ ಅರ್ಧದಷ್ಟು ಅಂದಾಜುಗಳು ಶೇ 20ಕ್ಕಿಂತ ಹೆಚ್ಚು ತಪ್ಪಿದ್ದವು.

ಆದ್ದರಿಂದ ಅಂಕಿಯನ್ನು ಭವಿಷ್ಯವಾಣಿಯೆಂದು ಓದಬೇಡಿ; ಒಂದು ಊಹೆಯ ಮೇಲೆ ನಿಂತ ಪರಿಣಾಮ ಎಂದು ಓದಿ, ಆ ಊಹೆ ಯಾವುದೆಂದು ಕೇಳಿ. ಬಸ್ಸುಗಳು ಈಗಿನಷ್ಟೇ ಇರುತ್ತವೆ ಎಂದು ಹಿಡಿದಿದ್ದಾರೆಯೇ? ಬಸ್ಸು ದುಪ್ಪಟ್ಟಾದರೆ ಅಂಕಿ ಎಷ್ಟಾಗುತ್ತದೆ? ರಸ್ತೆ ಅಗಲವಾದ ಮೇಲೆ ಹೊಸದಾಗಿ ಬರುವ ವಾಹನಗಳನ್ನು ಸೇರಿಸಿದ್ದಾರೆಯೇ? ನಡೆಯುವವರನ್ನು ಎಣಿಸಿದ್ದಾರೆಯೇ, ಎಲ್ಲಿ, ಯಾವ ಹೊತ್ತಿನಲ್ಲಿ? ಯಶಸ್ಸನ್ನು ವಾಹನಗಳ ವೇಗದಿಂದ ಅಳೆಯುತ್ತಾರೆಯೇ ಅಥವಾ ಅರ್ಧ ಅಥವಾ ಮುಕ್ಕಾಲು ಗಂಟೆಯೊಳಗೆ ಎಷ್ಟು ಜನ ಕೆಲಸಕ್ಕೆ, ಶಾಲೆಗೆ, ಆಸ್ಪತ್ರೆಗೆ ತಲುಪಬಹುದು ಎಂಬುದರಿಂದ ಅಳೆಯುತ್ತಾರೆಯೇ? ನನ್ನ ಮಟ್ಟಿಗೆ ಈ ಕೊನೆಯ ಪ್ರಶ್ನೆಯ ಉತ್ತರದಲ್ಲೇ ಯೋಜನೆಯ ಸ್ವಭಾವ ಗೊತ್ತಾಗುತ್ತದೆ, ಏಕೆಂದರೆ ತಲುಪುವುದನ್ನು ಅಳೆಯತೊಡಗಿದರೆ ಕಾರು ಇಲ್ಲದವರೂ ಲೆಕ್ಕದೊಳಗೆ ಬರುತ್ತಾರೆ.

ಆಕ್ಷೇಪಣೆ ಬರೆಯುವಾಗ ಇಡೀ ಯೋಜನೆಯನ್ನು ಟೀಕಿಸುವುದಕ್ಕಿಂತ ಒಂದು ಸ್ಥಳವನ್ನು ಹಿಡಿದುಕೊಂಡು ಬರೆಯಿರಿ. ನಿಲ್ದಾಣ, ಕೂಡುರಸ್ತೆ ಅಥವಾ ಸೇತುವೆಯ ಹೆಸರು, ಕರಡಿನ ಪುಟ ಸಂಖ್ಯೆ, ನೀವು ಕಂಡ ತೊಂದರೆ, ಬೇಕಾದ ಬದಲಾವಣೆ ಇವಿಷ್ಟನ್ನು ಒಂದು ಪುಟದೊಳಗೆ ಹೇಳಿ. ರಸ್ತೆಯ ಅಗಲವನ್ನು ಅಳೆದು, ದಾಟಲು ಸಿಗುವ ಸೆಕೆಂಡುಗಳನ್ನು ಎಣಿಸಿ ಬರೆದ ಪತ್ರಕ್ಕೆ ಎಂಜಿನಿಯರುಗಳು ಉತ್ತರ ಕೊಡಲೇಬೇಕಾಗುತ್ತದೆ. ಕೊನೆಯ ದಿನಾಂಕಕ್ಕೆ ಮೊದಲೇ ಸಲ್ಲಿಸಿ, ಸ್ವೀಕೃತಿ ಪಡೆಯಿರಿ. ಅಂತಿಮ ಯೋಜನೆ ಬಂದಾಗ ನಿಮ್ಮ ಸಲಹೆ ಒಪ್ಪಿದ್ದಾರೋ ಇಲ್ಲವೋ, ಇಲ್ಲವಾದರೆ ಕಾರಣವೇನು ಎಂಬುದನ್ನು ಹುಡುಕಿ ನೋಡಿ. ಸಲಹೆ ಯೋಜನೆಯಲ್ಲಿ ಸೇರಿದ್ದರೂ ಹಣದ ಪಟ್ಟಿಯಲ್ಲಿ ಕಾಣದಿದ್ದರೆ, ಎರಡನೆಯ ಪತ್ರವನ್ನು ಆ ಪಟ್ಟಿ ಸಿದ್ಧಪಡಿಸುವವರಿಗೆ ಬರೆಯಬೇಕಾಗುತ್ತದೆ.